ಡ್ರಾಕುಲಾ ಬರದವನ ಮ್ಯಾಲ ಕಾದಂಬರಿ ಬರಿಯೋ ದೋಸ್ತಗ

ದೋಸ್ತ,

ಬೀದರದಿಂದ ನೀ ಕಳಿಸಿದ ಹಸ್ತಪ್ರತಿ ಓದಿದೆ. ಬ್ರ್ಯಾಮ್ ಸ್ಟೋಕರ್‌ನ ತಲ್ಯಾಗ ರಕ್ತ ಕುಡಿಯೋ ಡ್ರಾಕುಲಾ ಹೆಂಗ ಹುಟ್ಟಿದ ಅನ್ನೋದು ಛಲೋ ವಸ್ತು. ಆದ್ರ ನೀ ಅದನ್ನ ಒಂದೇ ರಾತ್ರಿ ಕನಸಿನಾಗ ಮುಗಿಸಿಬಿಟ್ಟೀದಿ. ಏಡಿ ತಿಂದು ಕೆಟ್ಟ ಕನಸು ಬಿತ್ತು ಅನ್ನೋ ಕತಿ ಬಿಡು. ಅವನ ಟಿಪ್ಪಣಿ ಸುರು ಆದದ್ದು 1890ರ ಮಾರ್ಚ್‌ನಾಗ, ಪುಸ್ತಕ ಬಂದದ್ದು 1897ರ ಮೇ 26ಕ್ಕ. ಆ ಏಳು ವರ್ಷನೇ ನಿನ್ನ ಕಾದಂಬರಿ.

ಮೊದಲು ತಾರೀಖು ಸರಿ ಮಾಡು. ಸ್ಟೋಕರ್ ಇಂಗ್ಲೆಂಡಿನ ವ್ಹಿಟ್ಬಿ ಊರಿನ ಸಮುದ್ರ ದಂಡಿ ಮ್ಯಾಲ ನಿಂತು ಹಡಗು ಒಡೆಯೋದು ನೋಡ್ತಾನ ಅಂತ ಬರದೀದಿ. ಡಿಮಿಟ್ರಿ ಅನ್ನೋ ಆ ರಷ್ಯನ್ ಹಡಗು ದಂಡಿಗಿ ಬಡದದ್ದು 1885ರ ಅಕ್ಟೋಬರ್‌ನಾಗ. ಇವ ರಜಾಕ್ಕ ಅಲ್ಲಿಗಿ ಹೋದದ್ದು 1890ರಾಗ. ಕೋಸ್ಟ್‌ಗಾರ್ಡಿನವರ ಕಡಿಂದ ಕೇಳಿ ಬರಕೊಂಡ. ನರ್ವಾ ಬಂದರದಿಂದ ಬಂದ ಡಿಮಿಟ್ರಿ ಅವನ ಕಾದಂಬರಿಯಾಗ ವರ್ನಾ ಬಂದರದಿಂದ ಡ್ರಾಕುಲಾನ್ನ ಹೊತ್ತು ತರೋ ಡಿಮೀಟರ್ ಹಡಗು ಆತು. ನಿನ್ನ ಬಿರುಗಾಳಿಕಿಂತ ನನಗ ಹಳೇ ದಫ್ತರ ಮುಂದಿಟ್ಟುಕೊಂಡು ಸತ್ತವರ ಲೆಕ್ಕ ಕೇಳೋ ಮನುಷ್ಯನ್ನ ನೋಡಿದ್ರ ಹೆಚ್ಚು ಅಂಜಿಕಿ.

ಡ್ರಾಕುಲಾ ಅನ್ನೋ ಹೆಸರೂ ವ್ಹಿಟ್ಬಿ ಲೈಬ್ರರಿಯೊಳಗ, ವಿಲ್ಕಿನ್ಸನ್ ಅನ್ನೋವ ವಲಾಕಿಯಾ, ಮೊಲ್ಡಾವಿಯಾ ಸೀಮಿ ಬಗ್ಗೆ ಬರದ 1820ರ ಪುಸ್ತಕದಾಗ ಸಿಕ್ಕದ್ದು. ಅದಕ್ಕ ಮೊದಲು ಟಿಪ್ಪಣಿಯೊಳಗ ಅವ ಕೌಂಟ್ ವ್ಯಾಂಪೈರ್, ಸೀಮಿ ಆಸ್ಟ್ರಿಯಾದ ಸ್ಟೀರಿಯಾ. ಹಂಗಾಗಿ ಒಂದನೇ ಅಧ್ಯಾಯದಾಗ ಆ ಹೆಸರು ಯಾರ ಬಾಯಾಗೂ ಬರಬಾರದು. ಡ್ರಾಕುಲಾನ ಕೋಟಿ ಇರೋ ಟ್ರಾನ್ಸಿಲ್ವೇನಿಯಾಕ್ಕ ಸ್ಟೋಕರ್ ಮಾಡೋ ಪ್ರಯಾಣದ ಪುಟ ಕಿತ್ತು ಹಾಕು, ಅವ ಅಲ್ಲಿಗಿ ಹೋಗೇ ಇಲ್ಲ.

ಸ್ಟೋಕರ್‌ನ ತಾಯಿ ಷಾರ್ಲಟ್‌ಳ ಭಾಗ ಬೆಳಸು. 1832ರಾಗ ಐರ್ಲೆಂಡಿನ ಸ್ಲೈಗೋ ಊರಿಗಿ ಬಂದ ಕಾಲರಾ ಕಣ್ಣಾರೆ ಕಂಡಾಕಿ ಆಕಿ. ಮುಂದ ಮಗ ಕೇಳಿದ್ದಕ್ಕ ಅದನ್ನ ಬರದೂ ಕೊಟ್ಟಾಳ. ಸಣ್ಣಾವಿದ್ದಾಗ ವರ್ಷಗಟ್ಟಲೆ ಹಾಸಿಗಿ ಹಿಡದಿದ್ದ ಹುಡುಗ ಇಂಥವೇ ಕತಿ ಕೇಳಿ ಬೆಳದಾನ. ಹೆಣದ ರಾಶಿ ತೋರಸಬ್ಯಾಡ, ಆಕಿ ದನಿ ಕೇಳಸು. ಮರಗಮ್ಮನ್ನ ಸೀಮಿ ದಾಟಿಸಿದ ಕತಿ ಅಜ್ಜಿ ಬಾಯಾಗ ಕೇಳಿದ ನಮ್ಮ ಓದುಗರಿಗಿ ಅಷ್ಟು ಸಾಕು.

ಸ್ಟೋಕರ್ ಮ್ಯಾನೇಜರ್ ಆಗಿದ್ದ ಲಂಡನ್‌ನ ಲೈಸಿಯಂ ನಾಟಕಶಾಲಿ ನಡಸ್ತಿದ್ದ ನಟ ಹೆನ್ರಿ ಇರ್ವಿಂಗ್‌ನೇ ಡ್ರಾಕುಲಾಗ ಮಾದರಿ ಅನ್ನೋದು ಊಹೆ. ನಿರೂಪಕನ ಬಾಯಿಂದ ಬ್ಯಾಡ, ಯಾರರೇ ನಟನ ಚಾಡಿ ಮಾತಾಗಿ ಬರಲಿ. ಮತ್ತ ಲೈಸಿಯಂ ರಂಗದ ಮ್ಯಾಲ ವಿದ್ಯುತ್ ದೀಪ ಯಾಕ ಹಚ್ಚೀದಿ? ಇರ್ವಿಂಗ್‌ಗ ಗ್ಯಾಸ್ ಬೆಳಕೇ ಬೇಕಿತ್ತು.

ಕೊನೀ ಅಧ್ಯಾಯಕ್ಕ 1897ರ ಮೇ 18 ತಗೋ. ನಾಟಕದ ಹಕ್ಕು ಕೈಬಿಡಬಾರದು ಅಂತ, ಪುಸ್ತಕ ಬರೋ ಎಂಟು ದಿನ ಮೊದಲು ಸ್ಟೋಕರ್ ಇಡೀ ಕತಿನ ಲೈಸಿಯಂದಾಗ ಓದಿಸಿದ. ಮ್ಯಾನೇಜರ್ ಬುದ್ಧಿ! ಇದಕ್ಕ ಜಾಗ ಬೇಕಂದ್ರ ಲಂಡನ್ ಕೊಲೆಗಾರನ ಅಧ್ಯಾಯ ತಗದುಬಿಡು. ತಿದ್ದಿದ್ದನ್ನ ಕಲಬುರಗಿಗಿ ಬರೋವಾಗ ತಗೊಂಡು ಬಾ.

ನಿನ್ನ ದೋಸ್ತ