ಮೂರು ಪಟ್ಟಿಯ ಉಸ್ತಾದ್‌ಗೆ

ಹೋದ ಭಾನುವಾರ ಊರಲ್ಲಿ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿದಿರಿ. ಹಾರದ ಭಾರಕ್ಕೆ ಕತ್ತು ಇನ್ನೂ ನೋಯುತ್ತಿದೆ! ಸೈನ್ಯದಲ್ಲಿ 24 ವರ್ಷ ಸೇವೆ ಮುಗಿಸಿ ಹವಾಲ್ದಾರನಾಗಿ ಮನೆಗೆ ಬಂದಿದ್ದೇನೆ. ಗೆಳೆಯರು, ಶಾಲೆಯ ಗುರುಗಳು, ಬೆಳಗಾವಿಯ ಮರಾಠಾ ರೆಜಿಮೆಂಟಿನ ತರಬೇತಿ ಸೆಂಟರಿನಲ್ಲಿ ಜೊತೆಗೆ ಓಡಿದವರು, ಒಬ್ಬಳೇ ಮನೆ ನಡೆಸಿದ ಹೆಂಡತಿ, ಎಲ್ಲರಿಗೂ ಕೈಮುಗಿಯುತ್ತೇನೆ. (ಹೆಂಡತಿಗೆ ಇಷ್ಟೇನಾ ಅನ್ನಬೇಡಿ. ಅವಳಿಗೆ ಹೇಳಬೇಕಾದ್ದನ್ನು ಮನೆಯಲ್ಲೇ ಹೇಳಿದ್ದೇನೆ.)

ಜಾಸ್ತಿ ಹೇಳಬೇಕಿರುವುದು ನಮ್ಮ ಸೆಕ್ಷನ್ ಕಮಾಂಡರ್ ಬಗ್ಗೆ. ನಮಗೆಲ್ಲ ಅವರು ಉಸ್ತಾದ್, ಅಂದರೆ ಗುರು. ಸಾತಾರಾ ಕಡೆಯವರು, ತೋಳಿನ ಮೇಲೆ ಮೂರು ಪಟ್ಟಿ, ಅಂದರೆ ಹವಾಲ್ದಾರ್. ಸಿನಿಮಾದಲ್ಲಿ ಹವಾಲ್ದಾರ್ ಬರುವುದು ಬೈಯುವುದಕ್ಕೆ ಮಾತ್ರ, ಅಲ್ವಾ? ಆದರೆ ಹತ್ತು ಜನರ ಸೆಕ್ಷನ್ ನಡೆಯುವುದೇ ಅವನಿಂದ. ಆಫೀಸರ್‌ಗಳು ಬರುತ್ತಾರೆ, ಹೋಗುತ್ತಾರೆ. ಯಾರ ಬೂಟು ಬಿಗಿ, ಯಾರ ಮನೆಯಲ್ಲಿ ಜಗಳ, ಯಾರು ಕೆಮ್ಮು ಮುಚ್ಚಿಡುತ್ತಿದ್ದಾನೆ, ಇದೆಲ್ಲ ಮೊದಲು ಗೊತ್ತಾಗುವುದು ಹವಾಲ್ದಾರನಿಗೆ.

2004, ಸಿಯಾಚಿನ್. ಗುಂಡಿನ ಸದ್ದು ಆಗಲೇ ನಿಂತಿತ್ತು, ಚಳಿ ನಿಂತಿರಲಿಲ್ಲ. ದಿನಾ ರಾತ್ರಿ ಉಸ್ತಾದ್ ಎಲ್ಲರ ಸಾಕ್ಸ್ ಬಿಚ್ಚಿಸಿ, ಟಾರ್ಚ್ ಹಿಡಿದು ಒಂದೊಂದೇ ಕಾಲ್ಬೆರಳು ಮುಟ್ಟಿ ನೋಡುತ್ತಿದ್ದರು. ಬೆರಳು ಕಪ್ಪಾದರೆ ಕತ್ತರಿಸಬೇಕಾದೀತು ಅನ್ನುವ ಭಯ.

ಒಂದು ರಾತ್ರಿ ನನ್ನ ಅಪ್ಪ ತೀರಿಹೋದ ಸುದ್ದಿ ರೇಡಿಯೋ ಸೆಟ್ಟಿನಲ್ಲಿ ಬಂತು. ಹಿಮಗಾಳಿ. ಕೆಳಗೆ ಇಳಿಯುವಂತಿರಲಿಲ್ಲ. ಮಣ್ಣು ಕೊಟ್ಟಿದ್ದು ತಮ್ಮ. ಉಸ್ತಾದ್ ಸಮಾಧಾನದ ಒಂದು ಮಾತೂ ಆಡಲಿಲ್ಲ. "ಕಾವಲು ಡ್ಯೂಟಿ ಹೊತ್ತಾಯಿತು, ಏಳು" ಅಂದರು. ಎಂಥ ಕಲ್ಲು ಮನುಷ್ಯ ಅನ್ನಿಸಿತು. ಹೊರಗೆ ಬಂದು ನೋಡಿದರೆ ತಾವೂ ಪಕ್ಕದಲ್ಲಿ ಬಂದು ನಿಂತಿದ್ದರು. ಡ್ಯೂಟಿ ಅವರದಲ್ಲ.

ವಾಪಸ್ ಬಂದ ಮೇಲೆ ಸ್ಟೋವ್ ಹಚ್ಚಿ, ಹಿಮ ಕರಗಿಸಿ ಚಹಾ ಮಾಡಿಕೊಟ್ಟರು. ನನ್ನ ಬೂಟು ತಾವೇ ಬಿಚ್ಚಿ, ಪಾದಗಳನ್ನು ಅಂಗೈಯಲ್ಲಿ ಹಿಡಿದು ಸುಮ್ನೆ ಕೂತರು. ಅಪ್ಪನ ಕೈಯೂ ಹಾಗೇ ಒರಟು. ಆಗ ಅತ್ತುಬಿಟ್ಟೆ. ಮಕ್ಕಳ ಹಾಗೆ ಅತ್ತೆ. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪ ಹೊಲದಲ್ಲಿ ಏನು ಬೆಳೀತಿದ್ದರು?" ಅಂತ ಕೇಳಿದರು. ಜೋಳ, ಎತ್ತು, ಬಾವಿ ಅಂತ ಹರಕುಮುರುಕು ಮರಾಠಿಯಲ್ಲಿ ಬೆಳಗಿನವರೆಗೂ ಹೇಳಿದೆ. ಅವರು ಕಣ್ಣು ಮುಚ್ಚಲೇ ಇಲ್ಲ.

ಮುಂದೆ ನನಗೂ ಮೂರು ಪಟ್ಟಿ ಬಂದಾಗ ಹುಡುಗರು ನನಗಿಟ್ಟ ಹೆಸರು "ಬೆರಳು ಉಸ್ತಾದ್".

ಮೊನ್ನೆ ಅವರಿಗೆ ಫೋನ್ ಮಾಡಿದ್ದೆ. ಕಿವಿ ಮಂದವಾಗಿದೆ. ರಿಟೈರ್ ಆದೆ ಅಂತ ಕೂಗಿ ಹೇಳಿದೆ. "ನಿನ್ನ ಹುಡುಗರಿಗೆ ಒಣಗಿದ ಸಾಕ್ಸ್ ಒಂದು ಜೊತೆ ಯಾವಾಗಲೂ ಹತ್ತಿರ ಇಟ್ಟುಕೊಳ್ಳೋಕೆ ಹೇಳಿ ಬಂದೆಯಾ?" ಅಂದರು.

ಹೇಳಿ ಬಂದಿದ್ದೇನೆ, ಉಸ್ತಾದ್.