ಅಜ್ಜ ಬೈಯುತ್ತಿದ್ದ ದೇಶದಿಂದ ಮಗಳಿಗೊಂದು ಪತ್ರ

ಪುಟ್ಟೀ,

ಮೂರು ದಿನದಿಂದ ಅಮ್ಮನ ಫೋನ್ ಆಫ್ ಅಂತ ಗಾಬರಿಯಾಗಿರುತ್ತೀಯ. ಏನೂ ಆಗಿಲ್ಲ ಮಾರಾಯ್ತಿ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಆಲ್ಟಾ ವೆರಪಾಸ್ ಅನ್ನೋ ಕಡೆ ಇದ್ದೇನೆ. ಲಾಂಕಿನ್ ಅನ್ನೋ ಊರಿಂದ ಪಿಕಪ್ ಗಾಡಿ ಹಿಂದೆ ಕಂಬಿ ಹಿಡಿದು ನಿಂತು ಬಂದೆ, ಆಮೇಲೆ ಕೆಸರಲ್ಲಿ ನಡೆದೆ, ಮೊಣಕಾಲು ಇನ್ನೂ ನೋಯುತ್ತಿದೆ. ನಾನು ಉಳಿದುಕೊಂಡಿರೋ ಮನೆಗೆ ಕರೆಂಟಿಲ್ಲ. ಒಂದು ಚಿಕ್ಕ ಸೋಲಾರ್ ಪ್ಲೇಟು, ಅದರಿಂದ ಒಂದು ಬಲ್ಬು, ಮನೆ ಹುಡುಗನ ಮೊಬೈಲು, ಅಷ್ಟೇ. ನಿಮ್ಮದೂ ಹಾಕಿ ಅಂದ್ರು. ಎರಡು ದಿನದಿಂದ ಬರೀ ಮೋಡ, ಅವರ ಬಲ್ಬಿನ ಪಾಲು ತಿನ್ನೋಕೆ ಮನಸ್ಸಾಗಲಿಲ್ಲ.

ಮಾಯಾ ಅಂದರೆ ಪಿರಮಿಡ್ ಕಟ್ಟಿ ಕಾಣೆಯಾದವರು ಅಂತ ನಾನೂ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಾರೆ! ಇವರ ಮಾತು ಕೆಕ್ಚಿ. ಮನೆಯಾಕೆಗೆ ಸ್ಪ್ಯಾನಿಷ್ ಬರಲ್ಲ, ನನಗೆ ಬರೋದು ಅರೆಬರೆ, ನಡುವೆ ಹುಡುಗ. ಬೆಳಿಗ್ಗೆ ಎದ್ದ ಕೂಡಲೇ "ಮ ಸಾ ಲಾ ಚೋಲ್" ಅನ್ನುತ್ತಾರೆ, ನಿನ್ನ ಮನಸ್ಸು ಖುಷಿಯಾಗಿದೆಯಾ ಅಂತ. ಹಲ್ಲುಜ್ಜೋಕೆ ಮುಂಚೆ ಇದಕ್ಕೆ ಏನು ಹೇಳೋದು ಹೇಳು.

ಮುಸುಕಿನ ಜೋಳವನ್ನು ರಾತ್ರಿ ಸುಣ್ಣದ ನೀರಲ್ಲಿ ಬೇಯಿಸಿಡುತ್ತಾರೆ. ಹೌದು, ನಿನ್ನ ಅಜ್ಜಿ ಎಲೆಗೆ ಹಚ್ಚುತ್ತಿದ್ದ ಸುಣ್ಣವೇ. ಬೆಳಿಗ್ಗೆ ತಿಕ್ಕಿ ತೊಳೆದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಕೈಮಿಲ್ಲಿನಲ್ಲಿ ರುಬ್ಬೋದು. ಸುಣ್ಣವಿಲ್ಲದೆ ಬರೀ ಜೋಳ ನಂಬಿಕೊಂಡರೆ ಅದರಲ್ಲಿರೋ ಒಂದು ವಿಟಮಿನ್ ಮೈಗೆ ಸರಿಯಾಗಿ ಹತ್ತಲ್ಲ, ಚರ್ಮದ ಕಾಯಿಲೆ ಬರುತ್ತದೆ. ಯುರೋಪಿನವರು ಜೋಳ ಒಯ್ದರು, ಸುಣ್ಣ ಮರೆತರು, ಕಾಯಿಲೆ ಬಿದ್ದರು. ನಾನು ತಟ್ಟಿದ ರೊಟ್ಟಿ ನೋಡಿ ಮಕ್ಕಳೆಲ್ಲ ನಕ್ಕವು, ನಮ್ಮ ಅಕ್ಕಿರೊಟ್ಟಿ ಕೈ ಇಲ್ಲಿ ನಡೆಯಲ್ಲ.

ನಿಜವಾಗಿ ಹೇಳಬೇಕಾದ್ದು ಬೇರೆ. ಮನೆ ಹಿಂದೆ ಹೋದರೆ ಏಲಕ್ಕಿ! ಇಳಿಜಾರು ಪೂರ್ತಿ. ಅದೇ ಎಲೆ, ಬುಡದಲ್ಲಿ ಅದೇ ಹೂ, ಒಂದು ಕ್ಷಣ ಸಕಲೇಶಪುರದಲ್ಲೇ ಇದ್ದೀನಾ ಅನ್ನಿಸಿತು. ಸುಮಾರು ನೂರು ವರ್ಷದ ಹಿಂದೆ ಒಬ್ಬ ಜರ್ಮನ್ ಕಾಫಿ ಪ್ಲಾಂಟರು ನಮ್ಮ ದೇಶದಿಂದ ತರಿಸಿ ಇಲ್ಲಿ ಹಾಕಿಸಿದ್ದಂತೆ. 1980ರ ದಶಕಕ್ಕೆ ಗ್ವಾಟೆಮಾಲಾ ನಮ್ಮನ್ನು ಹಿಂದೆ ಹಾಕಿತು, ಅರಬ್ ದೇಶಗಳ ಮಾರುಕಟ್ಟೆ ಕೈತಪ್ಪಿತು. ಅತ್ತ ಏಲಕ್ಕಿ ಗಿಡಕ್ಕೆ ಬಡಿಯೋ ಕಟ್ಟೆ ರೋಗ, ಇತ್ತ ಬಿದ್ದ ರೇಟು. ನಿನ್ನ ಅಜ್ಜ ಜಗಲಿ ಮೇಲೆ ಕೂತು "ಆ ಗ್ವಾಟೆಮಾಲಾದವನು" ಅಂತ ಬೈಯುತ್ತಿದ್ದುದು ನನಗೆ ಇನ್ನೂ ಕಿವಿಯಲ್ಲಿದೆ. ನಾನಾಗ ಅದು ಯಾರೋ ದೊಡ್ಡ ಸಾಹುಕಾರನ ಹೆಸರು ಅಂದುಕೊಂಡಿದ್ದೆ.

ಆ ಸಾಹುಕಾರ ಹಸಿ ಕಾಯಿ ಮೂಟೆಯನ್ನು ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಹೊರುತ್ತಾನೆ. ಒಣಗಿಸೋ ಗೂಡು ಇವರ ಹತ್ತಿರ ಇಲ್ಲ, ಹಸೀದೇ ಮಾರಬೇಕು, ದಲ್ಲಾಳಿ ಹೇಳಿದ್ದೇ ರೇಟು. ದಲ್ಲಾಳಿಗೆ ಇಲ್ಲಿ ಕೊಯೊಟೆ ಅನ್ನುತ್ತಾರೆ, ನರಿಯಂಥ ಒಂದು ಪ್ರಾಣಿ. ಅಜ್ಜ ಇದ್ದಿದ್ದರೆ ಹೆಸರು ಕೇಳಿಯೇ ಒಪ್ಪಿಬಿಡುತ್ತಿದ್ದರು.

ಈ ಸೀಮೆಯಲ್ಲೇ ಚಿಶೋಯ್ ಅನ್ನೋ ದೊಡ್ಡ ಅಣೆಕಟ್ಟಿದೆ, ದೇಶದ ಕರೆಂಟಿನಲ್ಲಿ ದೊಡ್ಡ ಪಾಲು ಕೊಡೋದು. ಅದಕ್ಕಾಗಿ ಊರು ಬಿಡಲ್ಲ ಅಂದ ರಿಯೊ ನೆಗ್ರೊ ಹಳ್ಳಿಯ ನೂರಾರು ಮಾಯಾ ಜನರನ್ನು 1982ರಲ್ಲಿ ಸೈನಿಕರು, ಅವರ ಕಡೆಯವರು ಸೇರಿ ಕೊಂದುಹಾಕಿದರು. ಈ ಮನೆಯಿಂದ ಒಂದು ಲೈಟು ಕಂಬವೂ ಕಾಣಲ್ಲ. ಶರಾವತಿ ಹಿನ್ನೀರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ತಮಾಷೆ ಅಂದರೆ ಇವರು ಏಲಕ್ಕಿ ತಿನ್ನೋದೇ ಇಲ್ಲ. ನಿನ್ನೆ ಬೆಲ್ಲದ ಕಾಫಿಗೆ ನಾಲ್ಕು ಕಾಯಿ ಜಜ್ಜಿ ಹಾಕಿ ಕೊಟ್ಟೆ. ಹುಡುಗ ಮುಖ ಕಿವುಚಿ ಹೊರಗೆ ಓಡಿದ. ಮನೆಯಾಕೆ ಮಾತ್ರ ಲೋಟ ಮೂಗಿನ ಹತ್ತಿರ ಹಿಡಿದುಕೊಂಡು ಜಾಸ್ತಿ ಹೊತ್ತು ಸುಮ್ನೆ ಕೂತಿದ್ದಳು, ಆಮೇಲೆ ಏನೋ ಕೇಳಿದಳು. ಹುಡುಗನನ್ನು ಕರೆದು ಕೇಳಿದರೆ, "ಅವರೆಲ್ಲ ಇದಕ್ಕೇನಾ ಅಷ್ಟು ದುಡ್ಡು ಕೊಡೋದು ಅಂತಿದ್ದಾಳೆ" ಅಂದ.

ಶನಿವಾರ ಕೊಬಾನ್ ಪಟ್ಟಣಕ್ಕೆ ಹೋಗುತ್ತೇನೆ, ಅಲ್ಲಿಂದ ಫೋನ್ ಮಾಡುತ್ತೇನೆ. ಗಿಡಕ್ಕೆ ನೀರು ಹಾಕು.

ನಿನ್ನ ಅಮ್ಮ