ಮಹಡಿಗಿಂತ ಮೊದಲು ಒಳಚರಂಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಮ್ಮ ಬೀದಿಯ ಹಿರಿಯರು ಸಹಿ ಹಾಕಿಸಿಕೊಳ್ಳಲು ಮನೆಗೆ ಬಂದಿದ್ದರು. ಮೆಟ್ರೊ ನಿಲ್ದಾಣದ ಸುತ್ತ ಬಹುಮಹಡಿ ಕಟ್ಟಡಗಳೇ ಬೇಡ ಎಂಬ ಮನವಿ. ನಾನು ಕೆಳಗೆ ಎರಡು ಸಾಲು ಸೇರಿಸಿ ಸಹಿ ಹಾಕಿದೆ. ಅವರಿಗದು ಅಷ್ಟು ಹಿಡಿಸಲಿಲ್ಲ.

ನಮ್ಮದು ಜಯನಗರ 5ನೇ ಬ್ಲಾಕ್, ಆರ್.ವಿ. ರೋಡ್ ನಿಲ್ದಾಣದ ಹತ್ತಿರ. ಹಸಿರು ಮಾರ್ಗದ ಜತೆಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗವೂ ಇಲ್ಲಿಗೆ ಬಂದು ಸೇರಿದೆ. ಊರಿನ 2015ರ ಮಹಾಯೋಜನೆಯ ಪ್ರಕಾರ ಮೆಟ್ರೊ ನಿಲ್ದಾಣದಿಂದ 150 ಮೀಟರ್ ಒಳಗೆ ಎಫ್‌ಎಆರ್, ಅಂದರೆ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ, 4. ಹಾಗಾಗಿ 40x60 ಅಡಿಯ ನಿವೇಶನದಲ್ಲಿ ಎಲ್ಲ ಮಹಡಿ ಸೇರಿ 9,600 ಚದರ ಅಡಿ ಕಟ್ಟಬಹುದು. ಗಣಿತ ಪಾಠ ಮಾಡಿದವಳು ನಾನು, ಈ ಲೆಕ್ಕ ನನಗೆ ತಪ್ಪೆನಿಸುವುದಿಲ್ಲ. ರೈಲಿನ ಪಕ್ಕ ಹೆಚ್ಚು ಜನ ಇರಲಿ ಎಂಬುದು ನ್ಯಾಯವೇ. ಆದರೆ ಕಟ್ಟುತ್ತಿರುವುದು ಯಾರಿಗೆ?

ಹಿಂದಿನ ಬೀದಿಯಲ್ಲಿ ಎರಡು ಹಳೇ ಮನೆ ಕೆಡವಿ ಎರಡಂತಸ್ತಿನ ನೆಲಮಾಳಿಗೆಗೆ ಗುಂಡಿ ತೋಡಿದರು. ಗುಂಡಿಯಲ್ಲಿ ಜಿನುಗಿದ ನೀರನ್ನು ಎರಡು ತಿಂಗಳು ಹಗಲೂ ರಾತ್ರಿ ಪಂಪಿನಲ್ಲಿ ಎತ್ತಿ ಮೋರಿಗೆ ಬಿಟ್ಟರು. ನಮ್ಮ ಹಿತ್ತಲಿನ ಬಾವಿ ಮಾವನವರು ತೋಡಿಸಿದ್ದು. 2024ರ ಬೇಸಿಗೆಯಲ್ಲಿ ಇಡೀ ಬೆಂಗಳೂರು ಟ್ಯಾಂಕರಿಗೆ ಕಾದು ನಿಂತಾಗಲೂ ಅದು ಬತ್ತಲಿಲ್ಲ, ಅಕ್ಕಪಕ್ಕದ ನಾಲ್ಕು ಮನೆಯವರು ಬಂದು ಸೇದಿಕೊಂಡು ಹೋದರು. ಈಗ ಹಗ್ಗ ಪೂರ್ತಿ ಬಿಟ್ಟರೂ ಕೊಡ ಕಲ್ಲಿಗೆ ಬಡಿದ ಸದ್ದಷ್ಟೇ ಕೇಳುತ್ತದೆ.

ಅಷ್ಟು ಆಳ ತೋಡಿದ್ದು ಕಾರಿಗಾಗಿ. ‘ಮೆಟ್ರೊಗೆ ಮೂರೇ ನಿಮಿಷ’ ಎಂದು ಬರೆದ ಫಲಕದಲ್ಲೇ ‘ಪ್ರತಿ ಫ್ಲಾಟಿಗೆ ಎರಡು ಕಾರ್ ಪಾರ್ಕಿಂಗ್’ ಎಂದೂ ಇದೆ. ಎಲ್ಲವೂ ಮೂರು ಬೆಡ್‌ರೂಮಿನ ಮನೆಗಳು. ನಮ್ಮಲ್ಲಿ ಅಡುಗೆಗೆ ಬರುವ ಹೆಣ್ಣುಮಗಳು ಕೋಣನಕುಂಟೆಯಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಂತೇ ಬರುತ್ತಾಳೆ. ಆ ಕಟ್ಟಡದಲ್ಲಿ ಒಂದು ಕೋಣೆ, ಅಡುಗೆಮನೆಯ ಬಾಡಿಗೆ ಮನೆ ಸಿಗಬಹುದೇ ಅಮ್ಮ ಎಂದು ಕೇಳಿದಳು. ಏನು ಹೇಳಲಿ?

ಇನ್ನು ಒಳಚರಂಡಿ. ಬೀದಿಗೆ ಹತ್ತು ಒಂಟಿ ಮನೆ ಇದ್ದಾಗ ಹಾಕಿದ ಕೊಳವೆಯೇ ಇವತ್ತಿಗೂ ಇರುವುದು. ಒಂದು ಜೋರು ಮಳೆ ಬಂದರೆ ಮೂಲೆಯ ಮ್ಯಾನ್‌ಹೋಲ್ ಉಕ್ಕಿ ಹೊಲಸು ನೀರು ನಮ್ಮ ಗೇಟಿನವರೆಗೆ ಬರುತ್ತದೆ. ಹೆಚ್ಚುವರಿ ಮಹಡಿಗೆ ಅನುಮತಿ ಕೊಡುವವರು ಬೇರೆ, ಕೊಳವೆ ಹಾಕುವವರು ಬೇರೆ. ಹೇಳಿಕೊಳ್ಳೋಣ ಎಂದರೆ, 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ನಮಗೆ ಕಾರ್ಪೊರೇಟರೇ ಇರಲಿಲ್ಲ. ನೆರೆಯವರ ಸಿಟ್ಟಿಗೆ ಇದೂ ಕಾರಣ. ಅವರನ್ನು ಸ್ವಾರ್ಥಿಗಳು ಎನ್ನುವವರು ಒಮ್ಮೆ ಮಳೆಗಾಲದಲ್ಲಿ ನಮ್ಮ ಬೀದಿಗೆ ಬರಲಿ.

ಮನವಿಯಲ್ಲಿ ನಾನು ಬರೆದ ಸಾಲು ಇವು: ‘ಮಹಡಿ ಏರಿಸುವ ಮೊದಲು ಕೊಳವೆ ಬದಲಿಸಿ. ನಿಲ್ದಾಣದ ಪಕ್ಕ ಕಾರಿಗೆ ನೆಲಮಾಳಿಗೆ ತೋಡುವುದನ್ನು ನಿಲ್ಲಿಸಿ, ಸಣ್ಣ ಬಾಡಿಗೆ ಮನೆಗಳನ್ನು ಕಟ್ಟಿಸಿ.’

– ನಿವೃತ್ತ ಶಿಕ್ಷಕಿ, ಜಯನಗರ, ಬೆಂಗಳೂರು